ಐಸ್ ಕರಗಿದ ದಿನದ ನೈಟ್ರೇಷನ್

ಬೆಂಜೀನ್ ಕ್ಯಾನ್ಸರ್‌ಕಾರಕ. ಹಾಗಾಗಿ ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಅದರ ಬಾಟಲಿ ನಮ್ಮ ಕೈಗೆ ಸಿಗುತ್ತಿರಲಿಲ್ಲ. ಆರು ಇಂಗಾಲಗಳ ಆ ಉಂಗುರದ ಸ್ವಭಾವ ನನಗೆ ಅರ್ಥವಾದದ್ದು, ಅದೇ ಉಂಗುರವುಳ್ಳ ಅಸಿಟನಿಲೈಡ್‌ಗೆ ನೈಟ್ರೇಷನ್ ಮಾಡುವಾಗ, ಅಂದರೆ ಉಂಗುರಕ್ಕೆ ನೈಟ್ರೊ ಗುಂಪು (NO₂) ಸೇರಿಸುವಾಗ, ಅದೂ ಒಮ್ಮೆ ಕೆಡಿಸಿದ ಮೇಲೆ.

5 ಗ್ರಾಂ ಅಸಿಟನಿಲೈಡ್‌ಗೆ 5 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಮ್ಲ, ಅದರ ಮೇಲೆ 10 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಮ್ಲ. ಇಷ್ಟಕ್ಕೇ ಬೀಕರ್ ಬಿಸಿಯೇರುತ್ತದೆ. ಅದನ್ನು ಐಸ್ ಮತ್ತು ಉಪ್ಪಿನಲ್ಲಿಟ್ಟು 2 ಡಿಗ್ರಿಗೆ ಇಳಿಸಿ, ಆಮೇಲೆ 3 ಮಿ.ಲೀ. ನೈಟ್ರಿಕ್ ಆಮ್ಲಕ್ಕೆ 1.8 ಮಿ.ಲೀ. ಸಲ್ಫ್ಯೂರಿಕ್ ಬೆರೆಸಿದ್ದನ್ನು ಹನಿಹನಿಯಾಗಿ ಬಿಡಬೇಕು. ತಾಪ 10 ಡಿಗ್ರಿ ದಾಟಬಾರದು. ತಣ್ಣಗಾದ ದ್ರಾವಣ ಎಳೆಪಾಕದಂತೆ ಮಂದವಾಗಿರುತ್ತದೆ, ಕಲಕದಿದ್ದರೆ ಹನಿ ಬಿದ್ದ ಜಾಗವಷ್ಟೇ ಕಾಯುತ್ತದೆ.

ಮೊದಲ ಸಲ ನನ್ನ ಐಸ್ ಅರ್ಧದಲ್ಲೇ ಕರಗಿತು. ಊಟದ ಬೆಲ್ ಹತ್ತಿರವಾಗಿತ್ತು, ಉಳಿದದ್ದನ್ನು ಒಮ್ಮೆಗೇ ಸುರಿದುಬಿಟ್ಟೆ. ಥರ್ಮಾಮೀಟರ್ 30 ದಾಟಿತು. ಕೊನೆಗೆ ಸಿಕ್ಕಿದ್ದು ಅರಿಸಿನ ಕಲಸಿದಂತಹ ಜಿಗುಟು ಮುದ್ದೆ. ಬಿಸಿಯಾದರೆ ಎರಡನೆಯ ನೈಟ್ರೊ ಗುಂಪೂ ನುಗ್ಗಬಹುದು, ಸಾರಜನಕಕ್ಕೆ ತೊಡಿಸಿದ ಅಸಿಟೈಲ್ ಗುಂಪನ್ನೂ ಆಮ್ಲ ಕಳಚಬಹುದು.

ಆ ಗುಂಪು ಹೋದರೆ ಉಳಿಯುವುದು ಅನಿಲೀನ್, ಕೆಲಸವೇ ಕೆಟ್ಟಂತೆ. ನೇರವಾಗಿ ಅನಿಲೀನನ್ನೇ ನೈಟ್ರೇಟ್ ಮಾಡಿದರೆ ಸ್ವಲ್ಪ ಭಾಗ ಉತ್ಕರ್ಷಣೆಗೊಂಡು ಟಾರ್ ಆಗುತ್ತದೆ. ಜೊತೆಗೆ ಆಮ್ಲದಲ್ಲಿ ಅದು ಪ್ರೋಟಾನ್ ಹಿಡಿದು ಅನಿಲೀನಿಯಂ ಅಯಾನು ಆಗುವುದರಿಂದ, ಉತ್ಪನ್ನದಲ್ಲಿ ಸುಮಾರು ಶೇಕಡಾ 47 ಮೆಟಾ (ನಡುವೆ ಒಂದು ಸ್ಥಾನ ಬಿಟ್ಟು ನೈಟ್ರೊ ಕೂತದ್ದು) ಬರುತ್ತದೆ! ಅಸಿಟೈಲ್ ತೊಡಿಸಿದರೆ ಸಾರಜನಕ ಹದವಾಗಿ ಎಲೆಕ್ಟ್ರಾನ್ ಕೊಡುತ್ತದೆ. ಅಸಿಟೈಲ್‌ನ ಗಾತ್ರ ಪಕ್ಕದ ಸ್ಥಾನಗಳಿಗೆ ಅಡ್ಡ ನಿಂತು, ನೈಟ್ರೊ ಹೆಚ್ಚಾಗಿ ಎದುರಿನ ಪ್ಯಾರಾ ಸ್ಥಾನಕ್ಕೆ ಹೋಗುತ್ತದೆ.

ದ್ವಿಬಂಧವಿರುವ ಆಲ್ಕೀನ್ ಆಗಿದ್ದರೆ ಬಂದದ್ದನ್ನು ಸೇರಿಸಿಕೊಂಡು ಸುಮ್ಮನಾಗುತ್ತಿತ್ತು. ಈ ಉಂಗುರ ಹಾಗಲ್ಲ. ಬೆಂಜೀನ್‌ನಲ್ಲಿ ಆರೂ ಇಂಗಾಲ-ಇಂಗಾಲ ಬಂಧಗಳು 139 ಪಿಕೊಮೀಟರ್ ಉದ್ದದವು, ಆರು ಪೈ ಎಲೆಕ್ಟ್ರಾನ್‌ಗಳು ಎಲ್ಲದಕ್ಕೂ ಸೇರಿದವು. ಆ ಹಂಚಿಕೆಯಿಂದ ಸಿಗುವ ಮೋಲ್‌ಗೆ ಸುಮಾರು 150 ಕಿಲೋಜೂಲ್ ಸ್ಥಿರತೆಯನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೈಟ್ರೋನಿಯಂ (ಎರಡು ಆಮ್ಲಗಳು ಬೆರೆತಾಗ ಹುಟ್ಟುವ NO₂⁺ ಅಯಾನು) ಅಂಟಿದ ಕೂಡಲೇ ಅಲ್ಲಿದ್ದ ಹೈಡ್ರೋಜನನ್ನು ಪ್ರೋಟಾನ್ ಆಗಿ ಹೊರಹಾಕಿ, ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ.

ಮುಂದಿನ ವಾರ ಎರಡು ತಟ್ಟೆ ಐಸ್ ಇಟ್ಟುಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಐಸ್ ಪುಡಿಯ ಮೇಲೆ ಸುರಿದಾಗ ತಿಳಿ ಹಳದಿ ಪುಡಿ ಕೂತಿತು. ಆಮ್ಲ ಹೋಗುವವರೆಗೂ ತೊಳೆದು, ಬಿಸಿ ಮದ್ಯಸಾರದಲ್ಲಿ ಕರಗಿಸಿ, ತಣ್ಣಗಾಗಿಸಿ ಸೋಸಿದೆ. ಕೆನೆಬಣ್ಣದ ಹರಳು, 4 ಗ್ರಾಂಗೆ ತುಸು ಕಡಿಮೆ. ಲೆಕ್ಕದ ಪ್ರಕಾರ 6.7 ಬರಬೇಕಿತ್ತು. ದ್ರವನ ಬಿಂದು 213, ಶುದ್ಧವಾಗಿದ್ದರೆ 215ರ ಆಸುಪಾಸು. ಸೋಸಿದ ಮದ್ಯಸಾರ ಮಾತ್ರ ಗಾಢ ಹಳದಿಯಾಗಿತ್ತು: ಪಕ್ಕದ ಸ್ಥಾನಕ್ಕೆ ನೈಟ್ರೊ ಹೋದ ಆರ್ಥೊ ಅಲ್ಲಿತ್ತು.