ಳಕಾರ ಹಕಾರದ ಆಚೆ ಬರಬೇಕು: ಎಕ್ಸ್‌ಎಂಎಲ್ ಪದಕೋಶವನ್ನು ಟರ್ಮಿನಲ್‌ನಲ್ಲಿ ಪುಟವಾಗಿಸಿದ ಅನುಭವ

ಬೇಸಾಯದ ಪದಗಳ ಒಂದು ಸಣ್ಣ ಕೋಶ ನನ್ನ ಬಳಿ ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ರೂಪ) ಫೈಲುಗಳಾಗಿ ಇದೆ. ಗದ್ದೆ, ತೋಟ, ದನಕರು, ಮಳೆ ಹೀಗೆ ವಿಷಯಕ್ಕೊಂದು ಫೈಲು. ಇವನ್ನೆಲ್ಲ ಸೇರಿಸಿ, ಅಕಾರಾದಿಯಾಗಿ ಜೋಡಿಸಿದ ಒಂದೇ ಎಚ್‌ಟಿಎಂಎಲ್ ಪುಟ ಬೇಕಿತ್ತು. ಎಕ್ಸ್‌ಎಂಎಲ್‌ಗೆ ಸ್ಟೈಲ್‌ಶೀಟ್ ಅಂಟಿಸಿ ಬ್ರೌಸರಿನಲ್ಲೇ ತೆರೆಯುವ ಹಳೆಯ ದಾರಿಯನ್ನು ನಾನು ನೆಚ್ಚಲಿಲ್ಲ. ಎಕ್ಸ್‌ಎಂಎಲ್ ಅನ್ನು ಪುಟವಾಗಿ ಪರಿವರ್ತಿಸುವ ಇಂಥ ಸ್ಟೈಲ್‌ಶೀಟುಗಳ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಅದನ್ನು ಬ್ರೌಸರಿನಿಂದ ತೆಗೆದುಹಾಕುವುದಾಗಿ ಕ್ರೋಮ್ ತಂಡ 2025ರಲ್ಲೇ ಹೇಳಿದೆ. ಸ್ಟೈಲ್‌ಶೀಟಿನಂತೆ ಪರಿವರ್ತನೆ ಮಾಡಿಕೊಡುವ, ಟರ್ಮಿನಲ್‌ನಲ್ಲಿ ಓಡುವ ತಂತ್ರಾಂಶವೇ (ಪ್ರೊಸೆಸರ್) ಸರಿ.

ಮೊದಲು ಕೈಗೆತ್ತಿಕೊಂಡಿದ್ದು ಎಕ್ಸ್‌ಎಸ್‌ಎಲ್‌ಟಿಪ್ರಾಕ್. ಗ್ನೋಮ್ ಯೋಜನೆಯ ಲಿಬ್‌ಎಕ್ಸ್‌ಎಸ್‌ಎಲ್‌ಟಿ ಜೊತೆ ಬರುವ ಪುಟ್ಟ ಸಲಕರಣೆ ಇದು. ಉಬುಂಟುವಿನಲ್ಲಿ ಇದೇ ಹೆಸರಿನ ಪ್ಯಾಕೇಜ್ ಹಾಕಿಕೊಂಡರೆ ಆಯಿತು. ಆಜ್ಞೆಯಲ್ಲಿ ಸ್ಟೈಲ್‌ಶೀಟ್ ಮೊದಲು, ಎಕ್ಸ್‌ಎಂಎಲ್ ಫೈಲು ಆಮೇಲೆ. ಬೇರೆ ಬೇರೆ ಫೈಲುಗಳನ್ನು ಸೇರಿಸಲು ಒಂದು ಮುಖ್ಯ ಫೈಲಿನಲ್ಲಿ ಎಕ್ಸ್‌ಇನ್‌ಕ್ಲೂಡ್ ಸಾಲುಗಳನ್ನು ಬರೆದು, ಓಡಿಸುವಾಗ ಎಕ್ಸ್‌ಇನ್‌ಕ್ಲೂಡ್ ಆಯ್ಕೆಯನ್ನೂ ಕೊಡುತ್ತೇನೆ. ಅದಕ್ಕೂ ಮುಂಚೆ ಎಕ್ಸ್‌ಎಂಎಲ್‌ಲಿಂಟ್‌ನಿಂದ ಒಂದು ತಪಾಸಣೆ. ‘ನೋಔಟ್’ ಆಯ್ಕೆ ಕೊಟ್ಟರೆ ಎಲ್ಲ ಸರಿಯಿದ್ದಾಗ ಅದು ತುಟಿ ಪಿಟಕ್ಕೆನ್ನುವುದಿಲ್ಲ, ಮುಚ್ಚದ ಟ್ಯಾಗ್ ಇದ್ದರೆ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.

ಕನ್ನಡದವರು ಸ್ಟೈಲ್‌ಶೀಟಿನ ಔಟ್‌ಪುಟ್ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದೇ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಅದಿಲ್ಲದಿದ್ದರೆ ನನ್ನ ಯಂತ್ರದಲ್ಲಿರುವ ಆವೃತ್ತಿ ‘ಕ’ ಇದ್ದಲ್ಲೆಲ್ಲ 3221 ಎಂಬ ಅಂಕಿಯ ಸಂಕೇತ ಬರೆಯುತ್ತದೆ. ಬ್ರೌಸರಿನಲ್ಲಿ ಪುಟ ಚೆನ್ನಾಗಿಯೇ ಕಾಣುತ್ತದೆ, ಆದರೆ ಫೈಲಿನೊಳಗೆ ಒಂದು ಪದ ಹುಡುಕಿ ನೋಡಿ, ಸಿಕ್ಕುವುದಿಲ್ಲ. ಹೊರಗಿನಿಂದ ಅಕ್ಷರವೊಂದನ್ನು ನಿಯತಾಂಕವಾಗಿ ಕೊಡುವಾಗಲೂ ‘ಪ್ಯಾರಮ್’ ಅಲ್ಲ, ‘ಸ್ಟ್ರಿಂಗ್‌ಪ್ಯಾರಮ್’ ಬಳಸಬೇಕು. ‘ಪ್ಯಾರಮ್’ಗೆ ‘ಕ’ ಎಂದು ಕೊಟ್ಟರೆ ಅದು ‘ಕ’ ಎಂಬ ಹೆಸರಿನ ಎಲಿಮೆಂಟನ್ನು ಹುಡುಕಲು ಹೊರಡುತ್ತದೆ. ಇಲ್ಲದ್ದು ಸಿಗದು, ಪುಟ ಖಾಲಿ.

ನಿಜವಾದ ಕೆಲಸ ಇದ್ದದ್ದು ಅಕಾರಾದಿಯಲ್ಲಿ. ಭಾಷೆ ಸೂಚಿಸದೆ ಸಾರ್ಟ್ ಮಾಡಿದರೆ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಯುನಿಕೋಡ್ ಸಂಖ್ಯೆಗಳ ಕ್ರಮದಲ್ಲೇ ಜೋಡಿಸುತ್ತದೆ. ಬಹುಪಾಲು ಇದು ನಮಗೆ ಅನುಕೂಲವೇ: ಕಂಬ, ಕಣ, ಕಾಡು, ಕ್ಷೇತ್ರ ಎಲ್ಲವೂ ನಿಘಂಟಿನ ಕ್ರಮದಲ್ಲೇ ಬರುತ್ತವೆ. ಎಡವಟ್ಟಾಗುವುದು ಳಕಾರದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ ಳ. ಯುನಿಕೋಡ್ ಮಾತ್ರ ಭಾರತೀಯ ಲಿಪಿಗಳ ಸಂಕೇತ ಮಾನಕವಾದ ಇಸ್ಕಿಯ ಹಳೆಯ ಜೋಡಣೆಯನ್ನೇ ಅನುಸರಿಸಿ ಳಕಾರವನ್ನು ಲಕಾರದ ಮಗ್ಗುಲಲ್ಲಿ ಕೂರಿಸಿದೆ. ಹಾಗಾಗಿ ‘ಕವೆ, ಕಸಿ, ಕಳೆ’ ಎಂದು ಬರಬೇಕಾದ್ದು ‘ಕಳೆ, ಕವೆ, ಕಸಿ’ ಎಂದು ಬರುತ್ತದೆ. ಸಾರ್ಟ್‌ಗೆ ಕನ್ನಡ ಎಂದು ಭಾಷೆ ಸೂಚಿಸಬಹುದು, ಆದರೆ ಆಗ ಫಲಿತಾಂಶ ಆಯಾ ಯಂತ್ರದಲ್ಲಿರುವ ಲೊಕೇಲ್‌ಗೆ (ಭಾಷೆ, ಪ್ರದೇಶಗಳ ಹೊಂದಿಕೆ) ಬಿಟ್ಟದ್ದು.

ನಾನು ಮಾಡಿದ ಉಪಾಯ ಸರಳ. ಸಾರ್ಟ್‌ನ ಸೆಲೆಕ್ಟ್‌ನಲ್ಲಿ ಟ್ರಾನ್ಸ್‌ಲೇಟ್ ಫಂಕ್ಷನ್ ಹಾಕಿ, ಳ ಇದ್ದಲ್ಲಿ ಅವಗ್ರಹ ಚಿಹ್ನೆಯನ್ನು (ಽ) ಇರಿಸಿದೆ. ಯುನಿಕೋಡ್‌ನಲ್ಲಿ ಅವಗ್ರಹದ ಸ್ಥಾನ ಹಕಾರದ ಆಚೆ, ಕಾಗುಣಿತದ ‘ಾ’ ಚಿಹ್ನೆಯ ಈಚೆ. ಳಕಾರ ಕೂರಬೇಕಾದ ಜಾಗವೂ ಅದೇ. ಬದಲಾವಣೆ ಹೋಲಿಕೆಗಷ್ಟೇ, ಅಚ್ಚಾಗುವ ಪದ ಇದ್ದಂತೆಯೇ ಇರುತ್ತದೆ. ಬೇಸಾಯದ ಪದಗಳಲ್ಲಿ ಅವಗ್ರಹಕ್ಕೇನು ಕೆಲಸ! ಱ, ೞ ಇರುವ ಹಳಗನ್ನಡದ ಕೋಶವಾದರೆ ಇಷ್ಟು ಸಾಲದು.

ಮುಂದೆ ‘ಅ’, ‘ಆ’, ‘ಕ’ ಎಂದು ತಲೆಬರಹಗಳಡಿ ಗುಂಪು ಮಾಡುವ ಆಸೆ ಬಂತು. ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ಗೊತ್ತಿರುವುದು 1999ರ 1.0 ಆವೃತ್ತಿ. ಅದರಲ್ಲಿ ಗುಂಪು ಮಾಡಲು ಕೀ, ಜನರೇಟ್-ಐಡಿ ಬಳಸುವ ಮ್ಯೂಂಕಿಯನ್ ವಿಧಾನವಿದೆ. ಕೆಲಸ ಮಾಡುತ್ತದೆ, ನಿಜ. ಆರು ತಿಂಗಳ ನಂತರ ನಾನು ಬರೆದದ್ದು ನನಗೇ ಅರ್ಥವಾಗದು. 2.0 ಆವೃತ್ತಿಯ ‘ಫಾರ್-ಈಚ್-ಗ್ರೂಪ್’ನಲ್ಲಿ ಪದದ ಮೊದಲ ಅಕ್ಷರವನ್ನು ಸಬ್‌ಸ್ಟ್ರಿಂಗ್‌ನಿಂದ ತೆಗೆದುಕೊಟ್ಟರೆ ಮುಗಿಯಿತು. ಕಾಗುಣಿತದ ಚಿಹ್ನೆ ಬೇರೆ ಕೋಡ್ ಆದ್ದರಿಂದ ‘ಕಾಡು’ವಿನಿಂದ ‘ಕ’ ಮಾತ್ರ ಬರುತ್ತದೆ.

ಇದಕ್ಕಾಗಿಯೇ ಸ್ಯಾಕ್ಸನ್ ಎಂಬ ಇನ್ನೊಂದು ಪ್ರೊಸೆಸರಿಗೆ ಬಂದೆ. 2.0 ಮತ್ತು 3.0 ನಿರ್ದಿಷ್ಟತೆಗಳ ಸಂಪಾದಕ ಮೈಕಲ್ ಕೇ ಅವರೇ ಇದರ ಕರ್ತೃ. ಎಚ್‌ಇ ಆವೃತ್ತಿ ಉಚಿತ, ಮುಕ್ತ. ಜಾವಾ ಬೇಕು. ಹೊಸ ಆವೃತ್ತಿಗಳಲ್ಲಿ ಜಾರ್ ಫೈಲೊಂದನ್ನೇ ಎತ್ತಿ ಬೇರೆಡೆ ಹಾಕುವಂತಿಲ್ಲ, ಪಕ್ಕದ ಲಿಬ್ ಫೋಲ್ಡರೂ ಜೊತೆಗಿರಬೇಕು. ಅವಗ್ರಹದ ಉಪಾಯ ಇಲ್ಲೂ ಹಾಗೆಯೇ ನಡೆಯಿತು, ಏಕೆಂದರೆ ಸ್ಯಾಕ್ಸನ್‌ನ ಪೂರ್ವನಿಯೋಜಿತ ಕ್ರಮವೂ ಯುನಿಕೋಡ್ ಸಂಖ್ಯೆಗಳದ್ದೇ.

ಪ್ರತಿ ಸಲ ಜಾವಾ ಎದ್ದು ಕೂರುವಷ್ಟು ಹೊತ್ತು ಕಾಯಬೇಕು, ಅದೊಂದೇ ಕಿರಿಕಿರಿ. ಹಾಗಾಗಿ ಫೈಲಿಗೊಂದು ಪುಟ ಬೇಕಾದಾಗ ಶೆಲ್ ಲೂಪಿನಲ್ಲಿ ಒಂದೊಂದಾಗಿ ಓಡಿಸುವುದಿಲ್ಲ. ಮೂಲಕ್ಕೂ ಫಲಿತಾಂಶಕ್ಕೂ ಫೋಲ್ಡರಿನ ಹೆಸರನ್ನೇ ಕೊಡುತ್ತೇನೆ, ಒಂದೇ ಓಟದಲ್ಲಿ ಎಲ್ಲ ಪರಿವರ್ತನೆಯಾಗುತ್ತದೆ. ಒಂದೆರಡು ನಮೂದು ತಿದ್ದಿ ನೋಡುವ ದಿನಗಳಲ್ಲಿ ಮಾತ್ರ, ಗುಂಪುಗಳಿಲ್ಲದ ಸರಳ ಸ್ಟೈಲ್‌ಶೀಟಿನೊಂದಿಗೆ, ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಅನ್ನೇ ಓಡಿಸುತ್ತೇನೆ.