ಪಾತ್ರಗಳನ್ನು ಧ್ರುವದ ಹಿಮಗಾಳಿಗೆ ಕಳಿಸುವ ಮುಂಚೆ

ಕಾಲಯಾನದ ಕಥೆ ಬರೆಯುತ್ತಿರುವವರಿಗೆ ಒಂದು ಸಲಹೆ. ನಿಮ್ಮ ಪಾತ್ರಗಳು 1911ರ ಅಂಟಾರ್ಕ್ಟಿಕಾದಲ್ಲಿ ಇಳಿಯುತ್ತವೆ ಅಂದುಕೊಳ್ಳಿ. ಸುಮ್ನೆ ಒಂದು ದಪ್ಪ ಕೋಟು ಹಾಕಿಸಿ ಹೊರಗೆ ಬಿಡಬೇಡಿ. ಮೈಗೆ ತಾಗುವ ಬಟ್ಟೆ ಉಣ್ಣೆಯದ್ದಿರಲಿ, ಹತ್ತಿ ಬೇಡವೇ ಬೇಡ. ಅದರ ಮೇಲೆ ಬೆಚ್ಚಗಿಡುವ ಒಂದೆರಡು ಪದರ, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವಂಥದ್ದು. ಮೈನಸ್ 30 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 48ರಷ್ಟು ಕೊರೆಯುತ್ತದೆ.

ಚಳಿಗಿಂತ ಜಾಸ್ತಿ ಹೆದರಬೇಕಾದದ್ದು ಬೆವರಿಗೆ. 1911ರ ಚಳಿಗಾಲದಲ್ಲಿ ಬ್ರಿಟಿಷ್ ಅನ್ವೇಷಕ ಸ್ಕಾಟ್ ತಂಡದ ಮೂವರು ಪೆಂಗ್ವಿನ್ ಮೊಟ್ಟೆ ಹುಡುಕಿಕೊಂಡು ಅಲ್ಲಿನ ಕೇಪ್ ಕ್ರೋಜಿಯರ್ ಎಂಬ ಭೂಶಿರಕ್ಕೆ ಹೊರಟಿದ್ದರು. ಅವರಲ್ಲಿ ಒಬ್ಬರು ಡೇರೆಯಿಂದ ಹೊರಬಂದು ಸುತ್ತ ನೋಡಲು ತಲೆ ಎತ್ತಿದರು, ಅಷ್ಟೇ. ಬೆವರಿಗೆ ಒದ್ದೆಯಾಗಿದ್ದ ಬಟ್ಟೆ ಕ್ಷಣಗಳಲ್ಲೇ ಗಟ್ಟಿಯಾಗಿ, ತಲೆ ತಗ್ಗಿಸಲೂ ಆಗಲಿಲ್ಲ! ಅದಕ್ಕೇ ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಸಾಕು. ನಡೆಯುತ್ತಾ ಮೈ ಬಿಸಿಯಾಗುತ್ತದೆ. ನಿಂತ ಕೂಡಲೇ ಇನ್ನೊಂದು ಪದರ ಹಾಕಿಸಿ.

ನಾರ್ವೆಯ ಅನ್ವೇಷಕ ಅಮುಂಡ್‌ಸೆನ್ ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರಿಂದ ಕಲಿತದ್ದು ಸಡಿಲವಾದ ತುಪ್ಪಳದ ಉಡುಪು. ಒಳಗೆ ಗಾಳಿ ಆಡುವುದರಿಂದ ಬೆವರು ನಿಲ್ಲುವುದಿಲ್ಲ. ನನಗಂತೂ ಆ ಕಾಲಕ್ಕೆ ಇದೇ ಸರಿ ಅನ್ನಿಸುತ್ತದೆ.

ಬೂಟು ಬಿಗಿಯಾಗಿರಬಾರದು, ಬೆರಳು ಅಲ್ಲಾಡಿಸಲು ಜಾಗ ಬೇಕು. ಕೈಗೆ ಒಳಗೆ ತೆಳು ಗ್ಲೌಸ್, ಮೇಲೆ ನಾಲ್ಕೂ ಬೆರಳು ಒಟ್ಟಿಗೆ ಇರುವ ಕೈಗವಸು. ಅದಕ್ಕೊಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿಸಿ. ಬಿರುಗಾಳಿಯಲ್ಲಿ ಒಮ್ಮೆ ಕೈಯಿಂದ ಜಾರಿದರೆ ಮತ್ತೆ ಸಿಗುವುದಿಲ್ಲ.