ಒಂಟಿಯಾಗಿಯೇ ಇರಬೇಕಾದ ನಾಯಿಯನ್ನು ಸಾಕುವಾಗ

‘ಇದಕ್ಕೆ ಬೇರೆ ಪ್ರಾಣಿ ಆಗಿಬರಲ್ಲ’ ಎಂದು ನಾಯಿ ದತ್ತು ಕೊಡುವ ಶೆಲ್ಟರಿನವರು ಹೇಳಿದರೆ ಅಷ್ಟಕ್ಕೇ ಬಿಡಬೇಡಿ. ನಾನು ಕೇಳಿದ್ದು ಇಷ್ಟು: ಆಗದಿರುವುದು ನಾಯಿಯೋ ಬೆಕ್ಕೋ? ಗಂಡು ನಾಯಿ ಮಾತ್ರವೋ, ಹೆಣ್ಣೂ ಆಗದೋ? ಊಟದ ತಟ್ಟೆಯ ಹತ್ತಿರ ಮಾತ್ರವೋ? ಎಷ್ಟು ದೂರದಲ್ಲಿ ಕಂಡರೆ ಶುರುವಾಗುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಅವರ ಜೊತೆ ಹೊರಗೆ ನಡೆಸಿಯೇ ನೋಡಬೇಕು. ಬೊಗಳುವುದಕ್ಕೆ ಮೊದಲೇ ತೆರೆದಿದ್ದ ಬಾಯಿ ಮುಚ್ಚುತ್ತದೆ, ಬಾಲ ಸೆಟೆಯುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ. ಆಗಿನ ದೂರವನ್ನು ಹೆಜ್ಜೆಯಲ್ಲಿ ಅಳೆದುಕೊಳ್ಳಿ. ನಮ್ಮದಕ್ಕೆ 40 ಹೆಜ್ಜೆ.

ತಂದ ವಾರದಲ್ಲೇ ಡಾಕ್ಟರಿಗೆ ತೋರಿಸಿ. ಕಿವಿ, ಹಲ್ಲು, ಸೊಂಟದ ನೋವಿದ್ದರೂ ನಾಯಿ ಇನ್ನೊಂದನ್ನು ಹತ್ತಿರ ಸೇರಿಸುವುದಿಲ್ಲ. ಉಣ್ಣೆಹುಳ ಕಚ್ಚಿ ಬರುವ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಎಂದರ್ಥ. ರೇಬೀಸ್ ಲಸಿಕೆಯ ತಾರೀಖು ಮಾತ್ರ ಕಾರ್ಡಿನಲ್ಲೇ ಇರಬೇಕು.

ಮನೆಯಲ್ಲಿ ಗೇಟೇ ಮುಖ್ಯ. ಕಂಬಿಗಳ ಸಂದಿಯಲ್ಲಿ ಬೀದಿನಾಯಿಯ ಮೂತಿ ಕಂಡರೆ ದಿನಕ್ಕೆ ಹತ್ತು ಸಲ ಜಗಳ. ಕೆಳಗಿನಿಂದ ನಾಲ್ಕು ಅಡಿ ತಗಡು ಹೊಡೆಸಿದೆವು. ಬಾಗಿಲು ತೆರೆಯುವಾಗ ಗೇಟು ಮುಚ್ಚಿರಬೇಕು, ಗೇಟು ತೆರೆಯುವಾಗ ಬಾಗಿಲು. ಈ ನಿಯಮ ಕೆಲಸದವರಿಗೂ ಗೊತ್ತಿರಲಿ.

ಹೊರಗೆ ಹೋಗುವಾಗ ಎದೆ-ಬೆನ್ನಿಗೆ ಸುತ್ತುವ ಹಾರ್ನೆಸ್ಸೂ ಬೇಕು, ಕುತ್ತಿಗೆ ಪಟ್ಟಿಯೂ ಬೇಕು, ಎರಡಕ್ಕೂ ಕೊಂಡಿ ಹಾಕಬೇಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ತಗ್ಗಿಸಿದರೆ ಹಾರ್ನೆಸ್ ಸಲೀಸಾಗಿ ಕಳಚುತ್ತದೆ. ಹೊಟ್ಟೆಗೆ ಮೂರನೇ ಪಟ್ಟಿ ಇರುವುದನ್ನೇ ಕೊಳ್ಳಿ. ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಸಾಕು. ಲೀಶ್ ಆರು ಅಡಿಯದು, ಎಳೆದಷ್ಟು ಉದ್ದವಾಗುವಂಥದ್ದು ಬೇಡವೇ ಬೇಡ. ಬೇಯಿಸಿದ ಕೋಳಿ ಲಿವರನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ಸೊಂಟದ ಚೀಲದಲ್ಲಿಟ್ಟುಕೊಳ್ಳಿ. ದೂರದಲ್ಲಿ ನಾಯಿ ಕಂಡ ತಕ್ಷಣ ಒಂದು ಚೂರು, ಮತ್ತೆ ನೋಡಿದರೆ ಮತ್ತೊಂದು. ಬೊಗಳಲು ಶುರುಮಾಡಿದರೆ ತೀರಾ ಹತ್ತಿರ ಹೋಗಿದ್ದೀರಿ ಎಂದು ತಿಳಿದು ಸುಮ್ಮನೆ ಹಿಂದಕ್ಕೆ ತಿರುಗಿ. ಗದರುತ್ತಾ ಲೀಶ್ ಬಿಗಿಹಿಡಿದರೆ, ಇನ್ನೊಂದು ನಾಯಿ ಬಂದಾಗಲೆಲ್ಲ ಕುತ್ತಿಗೆ ನೋಯುತ್ತದೆ ಎಂದು ಅದು ಕಲಿಯುತ್ತದೆ. ಬೀದಿನಾಯಿ ತಾನೇ ಮೈಮೇಲೆ ಬಂದರೆ ಅದರ ಮುಂದೆ ಒಂದು ಹಿಡಿ ಲಿವರ್ ಎರಚಿ ಜಾಗ ಬಿಡಿ. ಅದು ಹೆಕ್ಕುವಷ್ಟರಲ್ಲಿ ತಿರುವು ದಾಟಬಹುದು. ನಸುಕು ಮತ್ತು ತಡರಾತ್ರಿ ಗುಂಪುಗಳು ಓಡಾಡುವ ಹೊತ್ತು. ಬೀದಿನಾಯಿಗಳು ಮಲಗುವ ಸಮಯ ಪ್ರತಿ ಬೀದಿಗೂ ಬೇರೆ. ಒಂದು ವಾರ ಒಬ್ಬರೇ ನಡೆದು ನೋಡಿಕೊಳ್ಳಿ.

ಬುಟ್ಟಿಯಂಥ ಬಾಯಿಕುಕ್ಕೆಯನ್ನೇ ಅಭ್ಯಾಸ ಮಾಡಿಸಿ, ಅದರಲ್ಲಿ ನಾಲಿಗೆ ಚಾಚಿ ತೇಕಬಹುದು, ನೀರು ಕುಡಿಯಬಹುದು. ಒಳಗೆ ಮೊಸರು ಸವರಿ, ತಾನಾಗಿ ಮೂತಿ ತೂರಿಸುವವರೆಗೆ ಕಾಯಿರಿ. ಎರಡು ವಾರ ಹಿಡಿಯಬಹುದು.

ಮೂರನೇ ವಾರದ ಹೊತ್ತಿಗೆ ನಾಯಿ ಶಾಂತವಾಗಿ ಕಾಣುತ್ತದೆ. ಆಗಲೇ ಯಾರಾದರೂ ‘ಜೊತೆಗೊಂದು ಮರಿ ತನ್ನಿ, ಸರಿಹೋಗುತ್ತೆ’ ಅನ್ನುತ್ತಾರೆ. ದಯವಿಟ್ಟು ತರಬೇಡಿ. ಸುತ್ತ ಬೇರೆ ಪ್ರಾಣಿ ಇಲ್ಲದಿದ್ದಕ್ಕೇ ಅದು ಶಾಂತವಾಗಿರುವುದು. ಜಗಳ ಬಿದ್ದರೆ ನಡುವೆ ಕೈ ಹಾಕಬೇಡಿ. ನೀರು ಎರಚಿ, ಇಲ್ಲವೇ ಹಲಗೆ ಅಡ್ಡ ತೂರಿಸಿ. ನಿಮಗೇ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಊರಿಗೆ ಹೋಗುವಾಗ ಹತ್ತಾರು ನಾಯಿಗಳಿರುವ ಬೋರ್ಡಿಂಗ್ ಇದಕ್ಕಲ್ಲ. ಮನೆಗೇ ಬಂದು ಉಳಿಯುವವರನ್ನು ಹುಡುಕಿ, ಒಂದು ತಿಂಗಳು ಮೊದಲೇ ಅವರ ಕೈಯಿಂದ ಊಟ ಹಾಕಿಸಲು ಶುರುಮಾಡಿ.